ಸಾಗವಾನಿ ಹೆರಿಗೆ ಮನೆ

ಸಮದ ಸಾಹೇಬರ ಮನೆಯ ಕೋಳಿಗಳಿಗೆ ಇದ್ದದ್ದು ಒಂದೇ ದುರ್ಗುಣ. ತತ್ತಿ ಇಡುತ್ತಿದ್ದವು, ಅದರಲ್ಲಿ ತಕರಾರಿಲ್ಲ. ಎಲ್ಲಿ ಇಡಬೇಕೆಂಬ ವಿವೇಕ ಮಾತ್ರ ಇರಲಿಲ್ಲ. ಕೆಂಪಿ ಎಂಬ ಕೋಳಿ ಸಾಹೇಬರ ಸ್ಕೂಟರಿನಲ್ಲಿ ಕಾಲಿಡುವ ಜಾಗವನ್ನು ಆರಿಸಿಕೊಂಡಿತ್ತು. ಚುಕ್ಕಿ ಎಂಬುದಕ್ಕೆ ಒಗೆಯಲು ಹಾಕಿದ ಬಟ್ಟೆಗಳ ರಾಶಿಯೇ ಆಗಬೇಕು. (ಹೀಗಾಗಿ ಒಂದು ಶುಕ್ರವಾರ ಸಾಹೇಬರ ಬಿಳಿ ಪೈಜಾಮ ವಾಷಿಂಗ್ ಮಷಿನ್ನಿನಿಂದ ಆಮ್ಲೆಟ್ಟಿನ ಬಣ್ಣ ತಾಳಿ ಹೊರಬಂದಿತ್ತು.) ಉಳಿದವು ಗೋಡೆ ಹಾರಿ ಪಕ್ಕದ ಮನೆಯ ಸಂಗವ್ವನ ಸಗಣಿ ಕುಳ್ಳಿನ ಬಣವೆಗೆ ಹೋಗುತ್ತಿದ್ದವು. ಸಂಗವ್ವ ಲಿಂಗಾಯತರ ಹೆಣ್ಣುಮಗಳು, ತತ್ತಿ ಮುಟ್ಟುವವಳಲ್ಲ. ಆದರೆ ಪರರ ವಸ್ತು ನಾಯಿಪಾಲಾಗಲು ಬಿಡುವವಳೂ ಅಲ್ಲ. ಬೆಳಿಗ್ಗೆ ಕೈಯಲ್ಲಿ ಕೋಲು ಹಿಡಿದು ಬಣವೆಯ ಮುಂದೆ ಕಾವಲು ನಿಂತು, ಗೋಡೆಯ ಮೇಲಿಂದ ಕೂಗುತ್ತಿದ್ದಳು.

“ಆಪಾ, ನಿಮ್ಮ ಮಾಲು ನಮ್ಮಲ್ಲೆ ಬಂದು ಬಿದ್ದೈತಿ ನೋಡ್ರಿ. ಲಗೂನ ಒಯ್ರಿ, ನನಗ ಪೂಜಿಗೆ ಹೊತ್ತಾತು.”

ಆಪಾ ಎಂದರೆ ಸಾಹೇಬರ ಹೆಂಡತಿ ಕರೀಮುನ್ನಿಸಾ. ಕೋಳಿಗಳ ಮಾಲಕಿ ಆಕೆಯೇ. ಖಾನಾಪುರದ ಆಚೆ, ಕಾಡಿನ ಅಂಚಿಗಿರುವ ಗುಂಜಿ ಆಕೆಯ ತವರು. ಕೋಳಿಗಳೂ ಅಲ್ಲಿಂದಲೇ ಬಂದ ಜವಾರಿ ತಳಿ. ಗಂಡ ಹೆಂಡತಿಯ ನಡುವೆ ಮನೆಮಾತು ದಖನಿ. ಜಗಳ ಮಾತ್ರ ಕನ್ನಡದಲ್ಲಿ. ಗೋಡೆಯಾಚೆಯ ಸಂಗವ್ವನಿಗೆ ತಿಳಿಯದ ಜಗಳದಲ್ಲಿ ಕರೀಮುನ್ನಿಸಾಗೆ ರುಚಿಯಿರಲಿಲ್ಲ.

“ಅಲ್ರೀ, ಊರ ಮಂದಿ ಮನಿಗೆಲ್ಲಾ ಬಾಗಲಾ ಕೊಡತೀರಿ. ನಮ್ಮ ಕೋಳಿಗೆ ತತ್ತಿ ಇಡಾಕ ಒಂದು ಗೂಡು ಕೊಡಾಕ ಆಗಂಗಿಲ್ಲೇನು? ಬಜಾರದಾಗ ತಯಾರ ಸಿಗತಾವು, ತಂದು ಬಿಡ್ರಿ.”

“ತರೂದಾ? ಕೋಳಿ ಗೂಡಿಗೆ ರೊಕ್ಕಾ ಕೊಟ್ಟು ತರೂದಾ? ಶಹಾಪುರದ ಮಂದಿ ಕೇಳಿದ್ರ ನನ್ನ ಅಂಗಡಿ ಮುಂದ ನಿಂತು ನಗತಾರ.”

ನಗುವುದು ಖರೇ ಇತ್ತು. ಮನೆ ಪೀರನವಾಡಿಯಲ್ಲಾದರೂ ಸಾಹೇಬರ ಗೋದಾಮು ಇದ್ದದ್ದು ಬೆಳಗಾವಿ ಪೇಟೆಯ ಶಹಾಪುರದಲ್ಲಿ. ಕೆಡವಿದ ಹಳೇ ವಾಡೆಗಳ ಬಾಗಿಲು, ಕಿಟಕಿ, ಕಪಾಟು ಕೊಂಡು ಮಾರುವುದು ಅವರ ವ್ಯಾಪಾರ. ಮನೆ ಕೆಡವಲು ಅಣ್ಣತಮ್ಮಂದಿರು ಒಪ್ಪುವ ಮೊದಲೇ ಆ ಮನೆಯ ತಲಬಾಗಿಲಿನ ಅಳತೆ ಸಾಹೇಬರ ನಾಲಿಗೆಯ ಮೇಲಿರುತ್ತಿತ್ತು. ಇಂಥವರಿಗೆ ಒಂದು ಚಟವೂ ಇತ್ತು. ಎದುರಿಗಿದ್ದವರು ಯಾವುದಾದರೊಂದು ವಸ್ತುವನ್ನು ಎರಡನೆಯ ಸಲ ನೋಡಿದರೆ ಸಾಕು, ಸಾಹೇಬರ ಬಾಯಿ ತಾನಾಗಿಯೇ ತೆರೆದು ಅದರ ಗುಣಗಾನ ಶುರುವಾಗುತ್ತಿತ್ತು. ಒಮ್ಮೆ ಮನೆಗೆ ಬಂದ ನೆಂಟರು ಕುಳಿತ ದಿವಾನವನ್ನು ನೆಂಟರಿಗೇ ಮಾರಿ, ರಾತ್ರಿ ಅವರನ್ನು ಚಾಪೆಯ ಮೇಲೆ ಮಲಗಿಸಿದ ಕೀರ್ತಿ ಅವರದು. ಮಾರುವುದಿಲ್ಲ ಎಂದು ಎತ್ತಿಟ್ಟ ವಸ್ತು ಇಡೀ ಗೋದಾಮಿನಲ್ಲಿ ಒಂದೇ: ಹಳೆಯ ಕಾಲದ ಒಂದು ತೊಟ್ಟಿಲು.

ತೊಟ್ಟಿಲಿಗೆ ಕಾರಣವಿತ್ತು. ಮಗಳು ಮಹೇಕ ಚೊಚ್ಚಲ ಬಸುರಿ. ಮೊದಲ ಮೊಮ್ಮಗು ಪೀರನವಾಡಿಯ ಮನೆಯಲ್ಲಿ ಕಣ್ಣು ಬಿಡುತ್ತದೆಂದು ಸಾಹೇಬರು ಶಹಾಪುರದ ಚಹಾದಂಗಡಿಗಳಿಗೆಲ್ಲ ಸುದ್ದಿ ಹಂಚಿ ಆಗಿತ್ತು. ಕರೀಮುನ್ನಿಸಾ ಹಿಡಿದದ್ದು ಅದೇ ಎಳೆಯನ್ನು.

“ಮಹೇಕ ತಿಂಗಳ ಕಡೀಕ ಬರತಾಳ. ಬಾಣಂತಿಗೆ ಜವಾರಿ ತತ್ತಿ ಬೇಕು, ಮುಂದ ಜವಾರಿ ಮರಿ ಬೇಕು. ಅಷ್ಟರಾಗ ಇಲ್ಲೆ ಗೂಡಾಗಿ, ಕೋಳಿ ಕಾವಿಗೆ ಕುಂತ್ರ ಬಾಣಂತನ ಇಲ್ಲೆ. ಇಲ್ಲಾಂದ್ರ ಕೋಳಿನೂ, ಮಹೇಕನೂ, ನಾನೂ ಗುಂಜಿಗೆ. ಅಮ್ಮಿ ಮನ್ಯಾಗ ಜಾಗಾ ಭಾಳ ಐತಿ.”

“ನಾನು?”

“ನೀವು ಸಂಡೇ ಟ್ರೇನಿಗೆ ಬಂದು ಮೊಮ್ಮಗನ್ನ ನೋಡಿ ಹೋಗ್ರಿ. ನೆಂಟರು ಬರತಾರಲ್ಲ, ಹಂಗ.”

ಗೋಡೆಯಾಚೆಯಿಂದ ಸಂಗವ್ವ, “ಹೌದ್ರೀ ಸಾಹೇಬ್ರ, ಗುಂಜ್ಯಾಗ ಗಾಳಿ ಚೊಲೊ,” ಎಂದು ತೀರ್ಪು ಕೊಟ್ಟಳು.

ಸಾಹೇಬರು ಎದೆ ಸೆಟೆಸಿದರು. ಒಂದು ಪೈಸೆ ಖರ್ಚಿಲ್ಲದೆ, ಬೆಳಗಾವಿ ಜಿಲ್ಲೆಯ ಯಾವ ಕೋಳಿಯೂ ಕಾಣದಂಥ ಗೂಡು ಕಟ್ಟುತ್ತೇನೆಂದು ಘೋಷಿಸಿದರು. ಕೋಳಿಗಳು ಮಣ್ಣು ಕೆದರುತ್ತ ಇದ್ದವು. ಇಂಥ ಘೋಷಣೆಗಳನ್ನು ಅವು ಮೊದಲೂ ಕೇಳಿದ್ದವೋ ಏನೋ.

ಮೊದಲು ಎಣ್ಣೆ ಡಬ್ಬಿಗಳು ಬಂದವು. ಖಾಲಿ ಡಬ್ಬಿಯ ಒಂದು ಬದಿ ಕತ್ತರಿಸಿ, ಅಂಚು ಬಡಿದು, ಒಳಗೆ ಭತ್ತದ ಹುಲ್ಲು ಹಾಸಿ, ಹಿತ್ತಿಲ ಗೋಡೆಗೆ ಸಾಲಾಗಿ ಜೋಡಿಸಿದರು. ನೋಡಲು ಸರಕಾರಿ ವಸತಿ ಸಮುಚ್ಚಯದಂತಿತ್ತು. ಕೆಂಪಿ ಒಳಗೆ ಕಾಲಿಟ್ಟಿತು. ಇಟ್ಟ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಹೊರಗೆ ಹಾರಿತು.

“ಈ ಗ್ವಾಡಿಗೆ ಮಧ್ಯಾಹ್ನದ ಬಿಸಲು ಹೊಡಿತೈತಿ,” ಎಂದಳು ಕರೀಮುನ್ನಿಸಾ. “ಡಬ್ಬಿ ಕಾದು ಹಂಚಾಗ್ಯಾವು. ನೀವು ತತ್ತಿ ಇಡಾಕ ಜಾಗಾ ಮಾಡೀರೋ, ತತ್ತಿ ಕುದಸಾಕೋ?”

ಸಾಹೇಬರು ಡಬ್ಬಿಗಳನ್ನು ನೆರಳಿಗೆ ಎಳೆಯುತ್ತಿರುವಾಗಲೇ ರಸ್ತೆಯಾಚೆಯ ನರ್ಸರಿಯವನು ಬಂದು ಡಬ್ಬಿಗಳನ್ನು ಎರಡನೆಯ ಸಲ ನೋಡಿದ. ಸಂಜೆಯ ಹೊತ್ತಿಗೆ ಅವು ಅವನ ಅಂಗಳದಲ್ಲಿ ಗುಲಾಬಿ ಕುಂಡಗಳಾಗಿದ್ದವು.

ಮುಂದೆ ಸೇಬಿನ ಪೆಟ್ಟಿಗೆಗಳು. ಈ ಸಲ ನೆರಳು ನೋಡಿ, ಅಡುಗೆಮನೆಯ ಹಿಂಬಾಗಿಲ ಬಾಜು ಇಟ್ಟರು. ಇದಕ್ಕೆ ಕರೀಮುನ್ನಿಸಾ ಕೂಡ ತಲೆದೂಗಿದಳು. ಆಕೆ ಒಳಗೆ ಹೋಗಿ ಮಧ್ಯಾಹ್ನದ ನಮಾಜು ಮುಗಿಸಿ ಹೊರಬಂದಾಗ ಪೆಟ್ಟಿಗೆಗಳಿರಲಿಲ್ಲ. ಅವು ಇದ್ದ ಜಾಗದಲ್ಲಿ ಚುಕ್ಕಿ ಒಂಟಿಗಾಲಲ್ಲಿ ನಿಂತು ಗಂಭೀರವಾಗಿ ಆಲೋಚಿಸುತ್ತಿತ್ತು.

“ಪಾನ್ ಅಂಗಡಿಯಾವನ ತಾಯಿ ಬಂದಿದ್ದಳು,” ಎಂದರು ಸಾಹೇಬರು, ಹೆಂಡತಿಯ ಮುಖ ನೋಡದೆ. “ಆಕೀನೂ ಕೋಳಿ ಸಾಕ್ಯಾಳ. ಭಾಳ ಪಸಂದ ಬಿದ್ದುವು ಆಕೀಗೆ.”

“ಪೀರನವಾಡ್ಯಾಗ ಎಲ್ಲಾ ಕೋಳಿಗೂ ಗೂಡಾತು. ನಮ್ಮವಕ್ಕ ಯಾವಾಗ್ರೀ?”

“ಇವೆಲ್ಲಾ ನಮೂನಿ, ಕರೀಮಾ. ಖರೇ ಮಾಲು ಇನ್ನ ಬರೂದೈತಿ.”

ಬಂತು. ಖಾನಾಪುರದಲ್ಲಿ ಕೆಡವಿದ ಒಂದು ವಾಡೆಯ ಕಪಾಟು; ಮೇಲ್ಭಾಗ ಮುರಿದಿತ್ತು, ಕೆಳಗೆ ಅಗಲವಾದ ಮೂರು ಡ್ರಾವರುಗಳು ಗಟ್ಟಿಮುಟ್ಟಾಗಿದ್ದವು. ಅಪ್ಪಟ ಸಾಗವಾನಿ, ಎದುರಿಗೆ ಬಳ್ಳಿಯ ಕೆತ್ತನೆ. ಸಾಹೇಬರು ಅವನ್ನು ಒಂದರ ಬಾಜು ಒಂದಾಗಿ ಕಾಲುಗಳ ಮೇಲೆ ಕೂರಿಸಿ, ಮೇಲೆ ಹಲಗೆಯ ಮಾಡು ಇಳಿಸಿ, ಕೋಳಿ ಹತ್ತಿ ಕೂರಲು ಮುಂದೊಂದು ದಾಂಡು ಹೊಡೆದು, ಮಂದಬೆಳಕಿಗೆ ಗೋಣಿತಟ್ಟಿನ ಪರದೆ ಕಟ್ಟಿದರು. ಕಡೆಗೆ ಹೊಳೆದದ್ದು ಮಹಾ ಉಪಾಯ. ಹಳೇ ಬಂಗಲೆಗಳ ಬಾಗಿಲಿಗೆ ಇರುತ್ತಿದ್ದ ಬಿಳಿ ಪಿಂಗಾಣಿ ಹಿಡಿಗುಂಡುಗಳು ಗೋದಾಮಿನಲ್ಲಿ ಬಿದ್ದಿದ್ದವು. ತತ್ತಿಯಂತೆ ತೋರಲೆಂದು ಡ್ರಾವರಿಗೊಂದರಂತೆ ಹುಲ್ಲಿನ ಮೇಲೆ ಇಟ್ಟರು. ಮೊದಲೇ ತತ್ತಿ ಇರುವಲ್ಲಿ ಇನ್ನೊಂದು ಕೋಳಿ ಧೈರ್ಯವಾಗಿ ಕೂರುತ್ತದೆ. ಗಿರಾಕಿ ಇರುವ ಅಂಗಡಿಗೇ ಗಿರಾಕಿ ನುಗ್ಗಿದ ಹಾಗೆ.

ಚುಕ್ಕಿ ಬಂತು. ದಾಂಡಿನ ಮೇಲೆ ನಿಂತು ಪರದೆ ಸರಿಸಿ, ಗುಂಡನ್ನು ಕೊಕ್ಕಿನಿಂದ ತಟ್ಟಿ ನೋಡಿ, ಒಳಗೆ ಹೋಗಿ ಕುಳಿತಿತು. ಅಂದಿನಿಂದ ಸಂಗವ್ವನ ಬಣವೆಗೆ ಬಿಡುವು ಸಿಕ್ಕಿತು. ಕೆಲವೇ ದಿನಗಳಲ್ಲಿ ಚುಕ್ಕಿ ತತ್ತಿಗಳ ಮೇಲೆ ಕಾವಿಗೂ ಕೂತಿತು. ಸಾಹೇಬರು ಆ ರಚನೆಗೆ ‘ಸಾಗವಾನಿ ಹೆರಿಗೆ ಮನೆ’ ಎಂದು ನಾಮಕರಣ ಮಾಡಿ, ಶಹಾಪುರದಿಂದ ಗೆಳೆಯರನ್ನು ಕರೆತಂದು ತೋರಿಸಿದರು. ಕರೀಮುನ್ನಿಸಾ ಮಗಳಿಗೆ ಫೋನ್ ಮಾಡಿ, “ಇಲ್ಲಿಗೇ ಬಾ ಬೇಟಿ,” ಎಂದಳು. ಬಾಣಂತಿಯ ಲಡ್ಡುವಿಗೆ ಅಂಟು, ಜೇನು ತರಲು ತಾನು ಗುಂಜಿಗೆ ಹೊರಟಳು.

“ಚುಕ್ಕಿನ ಎಬ್ಬಿಸಬ್ಯಾಡ್ರಿ,” ಎಂದಳು ಸ್ಟೇಷನ್ನಿನಲ್ಲಿ. “ಮತ್ತ ಯಾರಿಗೂ ಏನೂ ತೋರಸಬ್ಯಾಡ್ರಿ.”

“ನನಗೇನು ಬುದ್ಧಿ ಇಲ್ಲೇನು?”

ಮರುದಿನ ಬೆಳಿಗ್ಗೆ ಪ್ರಮಿಳಾಬಾಯಿ ಮತ್ತು ಅವರ ಗಂಡ ಪ್ರಸಾದ ಬಂದರು. ಬೆಳಗಾವಿಯಲ್ಲಿ ಮನೆ, ಗುಂಜಿಯ ಹತ್ತಿರ ತೋಟ. ತೋಟದ ಮನೆಗೆ ಹಳೇ ಬಾಗಿಲು ಬೇಕಾಗಿತ್ತು. ಅವರನ್ನು ಕಳುಹಿಸಿದ್ದು ಬೇರೆ ಯಾರೂ ಅಲ್ಲ, ಆ ತೋಟ ನೋಡಿಕೊಳ್ಳುವ ಅಶ್ಫಾಕ, ಅಂದರೆ ಕರೀಮುನ್ನಿಸಾಳ ಖಾಸಾ ತಮ್ಮ. ಬಾಗಿಲು ಸಾಹೇಬರ ಹಿತ್ತಿಲಲ್ಲೇ ಒರಗಿತ್ತು. ಪ್ರಸಾದ ಬಾಗಿಲು ನೋಡಿದರು. ಪ್ರಮಿಳಾಬಾಯಿ ಹೆರಿಗೆ ಮನೆ ನೋಡಿದರು. ಆಮೇಲೆ ಎರಡನೆಯ ಸಲ ನೋಡಿದರು.

“ಇದೇನ್ರೀ ಇದು? ಕೋಳೀದಾ? ಇಷ್ಟ ಚಂದಾಗಿ?”

ಸಾಹೇಬರು ತುಟಿ ಬಿಗಿದು ನಿಂತರು. ಇದನ್ನು ಅವರ ಪರವಾಗಿ ಬರೆದಿಡಬೇಕು: ಒಂದು ನಿಮಿಷ ನಿಂತರು. ಆಮೇಲೆ ಬಾಯಿ ತೆರೆಯಿತು.

“ಖಾನಾಪುರ ಕಾಡಿನ ಸಾಗವಾನಿ, ಬಾಯಾರ. ನೂರು ವರ್ಷ ಹುಳ ಮೂಸಿ ನೋಡಂಗಿಲ್ಲ. ಇದರಾಗ ಕುಂತ ಕೋಳಿ ಮತ್ತೊಂದು ಕಡೆ ತತ್ತಿ ಇಡಂಗಿಲ್ಲ. ಬಾಜು ಮನಿ ಬಿಟ್ಟು ಬಂದಾವು, ಬೇಕಾದ್ರ ಸಂಗವ್ವನ್ನ ಕೇಳ್ರಿ.”

“ಹೌದ್ರೀ, ಬಿಟ್ಟಾವು,” ಎಂದಳು ಗೋಡೆಯ ಮೇಲಿಂದ ಸಂಗವ್ವ, ಪಾಪ, ಸುಳ್ಳು ಹೇಳಿ ಗೊತ್ತಿಲ್ಲದವಳು.

“ಕೊಡ್ರಿ ನಮಗ.”

“ಇದು ಮಾರೂದಲ್ಲ, ಬಾಯಾರ. ನನ್ನ ಮಗಳ ಬಾಣಂತನದ್ದು.”

ಇದು ಖರೇ ಮಾತಾಗಿತ್ತು. ಆದರೆ ಮೂವತ್ತು ವರ್ಷದ ವ್ಯಾಪಾರದಲ್ಲಿ ಸಾಹೇಬರು ‘ಮಾರೂದಲ್ಲ’ ಎಂದದ್ದು ದರ ಏರಿಸಲಿಕ್ಕೆ ಮಾತ್ರ. ಗಿರಾಕಿಗೆ ಹಾಗೇ ಕೇಳಿಸಿತು. ಪ್ರಸಾದ ಒಂದು ದರ ಹೇಳಿ, ಕೂಡಲೇ ಏರಿಸಿದರು. ಏರಿದ ದರ ಕಿವಿಗೆ ಬಿದ್ದಾಗ ಸ್ವತಃ ಸಾಹೇಬರಿಗೂ ಹಾಗೇ ಕೇಳಿಸಿತು. ಇಂಥ ಗೂಡು ಇನ್ನೊಂದು ಮಾಡಲು ಎಷ್ಟು ಹೊತ್ತು? ಹೆಂಡತಿ ಬರುವುದು ನಾಳೆ. ಕೋಳಿಗೇನು ಗೊತ್ತು, ಸಾಗವಾನಿ ಯಾವುದು, ಬಿದಿರು ಯಾವುದು? ಚುಕ್ಕಿಯನ್ನು ಮೆಲ್ಲಗೆ ಎತ್ತಿ, ಅದೇ ಹುಲ್ಲು, ಅವೇ ತತ್ತಿ, ಅದೇ ಪಿಂಗಾಣಿ ಗುಂಡನ್ನು ಒಂದು ಬಿದಿರು ಬುಟ್ಟಿಗೆ ಸಾಗಿಸಿದರು. ಪರದೆ ಸಮೇತ ಡ್ರಾವರುಗಳು ಪ್ರಸಾದರ ಜೀಪು ಹತ್ತಿದವು.

ಜೀಪಿನ ಧೂಳು ಅಡಗುವಷ್ಟರಲ್ಲಿ ಚುಕ್ಕಿ ಬುಟ್ಟಿಯಿಂದ ಇಳಿಯಿತು. ಖಾಲಿ ಜಾಗದ ಸುತ್ತ ಒಂದು ಪ್ರದಕ್ಷಿಣೆ ಹಾಕಿತು. ಸಾಹೇಬರ ಮುಖ ನೋಡಿತು. ಹಿತ್ತಿಲ ಮೂಲೆಗೆ ಹೋಗಿ ಬೆನ್ನು ತಿರುಗಿಸಿ ಮಣ್ಣಲ್ಲಿ ಹೊರಳತೊಡಗಿತು. ಸಾಹೇಬರು ಜೋಳ ಚೆಲ್ಲಿದರು. ದಖನಿಯಲ್ಲಿ ಕರೆದರು, ಕನ್ನಡದಲ್ಲಿ ಬೇಡಿದರು, ಕಡೆಗೆ ಮರಾಠಿಯಲ್ಲೂ ಒಂದು ಮಾತು ಹೇಳಿ ನೋಡಿದರು. ಯಾವ ಭಾಷೆಯಲ್ಲೂ ವ್ಯವಹಾರ ಕುದುರಲಿಲ್ಲ. ತತ್ತಿಗಳು ಆರತೊಡಗಿದವು. ಸಾಹೇಬರು ತಮ್ಮ ಉಣ್ಣೆಯ ಶಾಲು ತಂದು ಬುಟ್ಟಿಗೆ ಹೊದಿಸಿ, ತಾವೇ ಕಾವಿಗೆ ಕೂರಬೇಕಾದ ಕಾಲ ಬಂತೇ ಎಂದುಕೊಳ್ಳುತ್ತಿರುವಾಗ ಫೋನು ಬಡಿಯಿತು.

“ಚುಕ್ಕಿ ಹ್ಯಾಂಗದಾಳ್ರೀ?” ಕರೀಮುನ್ನಿಸಾಳ ದನಿ.

“ರಾಣೀಗತೆ ಕುಂತಾಳ.”

“ಎಲ್ಲಿ?”

“ಎಲ್ಲಿ ಅಂದ್ರ? ಡ್ರಾವರಿನ್ಯಾಗ.”

“ಹೌದಾ. ಒಂದು ಫೋಟೋ ಕಳಸ್ರಿ, ಅಮ್ಮಿ ನೋಡಬೇಕಂತಾಳ.”

“ನೆಟ್‌ವರ್ಕ್ ಇಲ್ಲ ಇಲ್ಲೆ,” ಎಂದು ಸಾಹೇಬರು ಅದೇ ನೆಟ್‌ವರ್ಕಿನಲ್ಲಿ ಹೇಳಿ ಫೋನಿಟ್ಟರು. ಆಗ ತಲೆಗೆ ಹೊಳೆಯಿತು. ಡ್ರಾವರು ಹೋದದ್ದು ಎಲ್ಲಿಗೆ? ಗುಂಜಿಗೆ. ಇಳಿಸಿಕೊಳ್ಳುವವನು ಯಾರು? ಅಶ್ಫಾಕ. ಅವನ ಅಕ್ಕ ಇವತ್ತು ಎಲ್ಲಿದ್ದಾಳೆ? ಪೀರನವಾಡಿಯ ನೆರೆಹೊರೆಗೆಲ್ಲ ಗೂಡು ಮಾರಿದವರು, ಹೆಂಡತಿಯ ಕೋಳಿಯ ಹಾಸಿಗೆಯನ್ನು ಹೆಂಡತಿಯ ತವರಿಗೇ, ಹೆಂಡತಿ ಅಲ್ಲಿದ್ದ ದಿನವೇ ಮಾರಿ ಕಳಿಸಿದ್ದರು.

ಆದರೂ ಸಾಹೇಬರು ಎದೆಗುಂದಲಿಲ್ಲ. ಕರೀಮಾ ಇರುವುದು ಅಮ್ಮಿಯ ಮನೆಯಲ್ಲಿ, ಮಾಲು ಇಳಿಯುವುದು ತೋಟದಲ್ಲಿ. ಆಕೆ ನೋಡುವ ಮೊದಲೇ ಹೋಗಿ ವಾಪಸು ತಂದರಾಯಿತು. ಕೊಳ್ಳುವುದಿರಲಿ, ಮಾರುವುದಿರಲಿ, ಚೌಕಾಸಿಯಲ್ಲಿ ಅವರನ್ನು ಸೋಲಿಸಿದವರು ಜಿಲ್ಲೆಯಲ್ಲಿ ಹುಟ್ಟಿರಲಿಲ್ಲ. ಗೋದಾಮಿನ ಟೆಂಪೊ ತೆಗೆದು, ತಾವೇ ಓಡಿಸುತ್ತ ಖಾನಾಪುರ ದಾಟಿ ತೋಟ ಸೇರಿದರು.

ಪ್ರಮಿಳಾಬಾಯಿ ಜಗಲಿಯಲ್ಲಿ ಕುಳಿತಿದ್ದರು. ಡ್ರಾವರುಗಳು ಅಂಗಳದಲ್ಲೇ ಇದ್ದವು. ಅಶ್ಫಾಕ ಓಡಿಬಂದು, “ಸಲಾಂ ದುಲ್ಹಾಭಾಯಿ,” ಎಂದ. ಅಕ್ಕನ ಗಂಡನಿಗೆ ಸಲ್ಲಬೇಕಾದ ಮರ್ಯಾದೆಗಿಂತ ಆ ದನಿಯಲ್ಲಿ ಸಂತಾಪವೇ ಹೆಚ್ಚಿತ್ತು. ಸಾಹೇಬರು ಅದನ್ನು ಗಮನಿಸಲಿಲ್ಲ.

“ಬಾಯಾರ, ಒಂದು ತಪ್ಪಾತು,” ಎಂದು ಶುರು ಮಾಡಿದರು. “ಆ ಕಟ್ಟಿಗಿ ಚೊಲೊ ಇಲ್ಲ. ಒಳಗ ಹುಳ ಹತ್ತೈತಿ. ನನ್ನ ಹೆಸರು ಕೆಡತೈತಿ ಅಂತ ಓಡಿ ಬಂದೆ.”

“ಮುಂಜಾನಿ, ನೂರು ವರ್ಷ ಹುಳ ಮೂಸಂಗಿಲ್ಲ ಅಂದ್ರಿ.”

“ಮುಂಜಾನಿ ನೋಡಿರಲಿಲ್ರಿ.”

“ನನ್ನ ಕೇಳಿ ಉಪಯೋಗಿಲ್ಲ, ಸಾಹೇಬ್ರ. ಅವು ಈಗ ನಮ್ಮವಲ್ಲ. ಮಾಲಕರು ಒಳಗ ಅದಾರ.”

ಮಾಲಕರು ಚಹಾದ ತಟ್ಟೆ ಹಿಡಿದು ಹೊರಬಂದರು. ಕರೀಮುನ್ನಿಸಾ.

“ಬರ್ರಿ ಸಾಹೇಬ್ರ, ಕುಂದರ್ರಿ,” ಎಂದಳು, ಅಂಗಡಿಗೆ ಹೊಸದಾಗಿ ಬಂದ ಗಿರಾಕಿಗೆ ಹೇಳುವಂತೆ. “ಚಹಾ ತಗೋರಿ. ಏನು ಬೇಕಾಗಿತ್ತು?”

“ಕರೀಮಾ, ನಾನು...”

“ಅಶ್ಫಾಕ ಕರಕೊಂಡ ಬಂದ, ಬಾಯಾರು ನನಗ ಬಿಟ್ಟುಕೊಟ್ರು. ಮೊದಲ ಮಾಲು ನೋಡ್ರಿ. ಸಾಗವಾನಿ. ಖಾನಾಪುರ ವಾಡೇದ್ದು. ಇದರಾಗ ಕುಂತ ಕೋಳಿ ಮತ್ತೊಂದು ಕಡೆ ಕುಂದ್ರಂಗಿಲ್ಲ. ಒಂದು ಕೋಳಿ ಎಬ್ಬಿಸಿದ್ದಕ್ಕ ಸಿಟ್ಟಾಗಿ ಮಣ್ಣಾಗ ಹೊಳ್ಯಾಡಾಕತ್ತೈತಂತ, ಸಂಗವ್ವ ಫೋನಿನ್ಯಾಗ ಹೇಳಿದ್ಲು.”

ಪ್ರಮಿಳಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಶ್ಫಾಕ ಆಕಾಶದಲ್ಲಿ ಏನನ್ನೋ ಹುಡುಕಿದ.

“ಏನು ಕೊಡಬೇಕು ಹೇಳು,” ಎಂದರು ಸಾಹೇಬರು. ಇಡೀ ವೃತ್ತಿಜೀವನದಲ್ಲಿ ದರ ಅವರೇ ಮೊದಲು ಕೇಳಿದ್ದು ಇದೇ ಪ್ರಥಮ.

“ರೊಕ್ಕಾ ಬ್ಯಾಡ. ಇಂಥಾವ ಗೂಡು ಅಮ್ಮಿಗೊಂದು, ಅಶ್ಫಾಕಗೊಂದು, ಬಾಯಾರಿಗೊಂದು. ಸಾಗವಾನೀವು. ಗೋದಾಮಿನಾಗ ಸೀರಿ ಅಂಗಡಿ ಕಪಾಟು ಐತೆಲ್ಲ, ಅದಕ್ಕ ಡ್ರಾವರು ಬೇಕಾದಷ್ಟು ಅದಾವ.”

ಸಾಹೇಬರು ಚಹಾದ ಕಪ್ಪು ಕೆಳಗಿಟ್ಟರು. ಆ ಕಪಾಟಿಗೆ ಗೋವಾದ ಹೋಟೆಲಿನವನೊಬ್ಬ ಆರು ತಿಂಗಳಿಂದ ಫೋನು ಮಾಡುತ್ತಿದ್ದ.

“ಅದು ಆಗೂದಿಲ್ಲ. ಬೇಕಾದ್ರ ಸೇಬಿನ ಪೆಟ್ಟಿಗಿ...”

“ಅಶ್ಫಾಕ, ಮಹೇಕಗ ಫೋನ್ ಹಚ್ಚು. ಪೀರನವಾಡಿ ಬ್ಯಾಡ, ಸೀದಾ ಗುಂಜಿಗೆ ಬಾ ಅನ್ನು.”

“ತಡಿ ತಡಿ. ಒಂದು ಗೂಡು ಕಪಾಟಿಂದು, ಎರಡು ಪೆಟ್ಟಿಗೀವು.”

“ಹಚ್ಚು ಅಶ್ಫಾಕ.”

“ಎರಡು ಕಪಾಟಿಂದು.”

“ರಿಂಗ್ ಆಗಾಕತ್ತೈತಿ ದುಲ್ಹಾಭಾಯಿ,” ಎಂದ ಅಶ್ಫಾಕ, ಅತ್ಯಂತ ವಿನಯದಿಂದ.

“ಮೂರೂ ಕಪಾಟಿಂದು. ಮ್ಯಾಲ ಪಿಂಗಾಣಿ ಗುಂಡು. ಇಡು ಫೋನು.”

ಡ್ರಾವರುಗಳು ಟೆಂಪೊ ಏರಿದವು. ಪಕ್ಕದ ಸೀಟಿನಲ್ಲಿ ಕರೀಮುನ್ನಿಸಾ ಜೇನಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕುಳಿತಳು. ದಾರಿಯಲ್ಲಿ ಸಾಹೇಬರು ಮನಸ್ಸಿಗೆ ಸಮಾಧಾನ ಹೇಳಿಕೊಂಡರು. ಹೋದದ್ದು ಒಂದು ಕಪಾಟು. ಉಳಿದದ್ದು ಮೊಮ್ಮಗು, ಮಗಳು, ಮತ್ತು ತತ್ತಿ ಪೂರ್ತಿ ಕೆಟ್ಟಿರದಿದ್ದರೆ ಚುಕ್ಕಿಯ ಮರಿಗಳು. ಲೆಕ್ಕ ಹಾಕಿದರೆ ನಷ್ಟವಲ್ಲ. ಅವರು ಸ್ವಲ್ಪ ಜೋರಾಗಿಯೇ ಓಡಿಸಿದರು.

ಪೀರನವಾಡಿಯಲ್ಲಿ ಇಳಿದವರೇ ಹಿತ್ತಿಲಿಗೆ ಓಡಿದರು. ಬುಟ್ಟಿಯ ಶಾಲು ಕೆಳಗೆ ಬಿದ್ದಿತ್ತು. ಬುಟ್ಟಿಯೊಳಗೆ, ತತ್ತಿಗಳ ಮೇಲೆ, ರೆಕ್ಕೆ ಹರಡಿಕೊಂಡು ಚುಕ್ಕಿ ಕುಳಿತಿತ್ತು. ಸಾಹೇಬರು ಕೈ ಚಾಚಿದ್ದಕ್ಕೆ ಕುಕ್ಕಿತು ಕೂಡ.

“ನೀವು ಟೆಂಪೊ ತಗೊಂಡು ಆಚೀಕ ಹೋದ್ರಿ, ಅದು ಈಚೀಕ ಬಂದು ಕುಂತಿತು,” ಎಂದಳು ಗೋಡೆಯ ಮೇಲಿಂದ ಸಂಗವ್ವ. “ಆಗ ಆಪಾಗ ಮತ್ತೊಂದು ಫೋನ್ ಮಾಡಿ ಹೇಳಿದೆನಲ್ರಿ.”

ಸಾಹೇಬರು ನಿಧಾನವಾಗಿ ಹೆಂಡತಿಯತ್ತ ತಿರುಗಿದರು.

“ನಿನಗ ಗೊತ್ತಿತ್ತೇನು? ಅಲ್ಲೆ ಚಹಾ ಕೊಡುವಾಗ?”

“ಗೊತ್ತಿತ್ರಿ.”

“ಮತ್ತ ಹೇಳಲಿಲ್ಲ?”

“ಗಿರಾಕಿಗೆ ಯಾರಾರ ಹೇಳತಾರೇನ್ರೀ?” ಎಂದು ಕರೀಮುನ್ನಿಸಾ ಬುಟ್ಟಿಯ ಹುಲ್ಲು ಸರಿಪಡಿಸಿದಳು. “ಟೆಂಪೊದಾಗಿನ ಡ್ರಾವರು ಇಳಸಬ್ಯಾಡ್ರಿ ಮತ್ತ. ಅವು ಬಾಯಾರಿಗೆ. ಪಾಪ, ಮುಂಜಾನಿ ಪಸಂದ ಮಾಡಿ ಒಯ್ದಿದ್ರು. ಈಗ ಹೋಗಿ ಮುಟ್ಟಿಸಿ ಬರ್ರಿ. ಉಳದ ಎರಡು ಆಮ್ಯಾಲ ಮಾಡೂರಂತ.”

“ನಮಗ?”

“ನಮಗ ಬುಟ್ಟಿ ಸಾಕು. ಇನ್ನೆರಡು ಇಟ್ರಾತು. ಖರ್ಚಿಲ್ಲ.”

ಸಾಹೇಬರು ಟೆಂಪೊ ಹತ್ತಿ ಕೀಲಿ ತಿರುವಲು ಹೋದರು. ಅಷ್ಟರಲ್ಲಿ ಟೆಂಪೊದ ಹಿಂದೆ ಬಂದು ನಿಂತ ಕರೀಮುನ್ನಿಸಾ ಬೆರಳು ತುಟಿಗಿಟ್ಟು, ಬೇಡ ಎಂದು ಕೈಯಾಡಿಸಿದಳು. ಇಳಿದು ಹೋಗಿ ನೋಡಿದರೆ, ಟೆಂಪೊದ ಮೇಲೆ, ನಡುವಿನ ಡ್ರಾವರಿನಲ್ಲಿ, ಪರದೆಯ ಸಂದಿಯಿಂದ ಕೆಂಪಿಯ ಬಾಲ ಕಾಣುತ್ತಿತ್ತು. ಒಳಗಿನಿಂದ ಸಣ್ಣಗೆ ನರಳುವ ದನಿ.

“ಇಂಜಿನ್ ಚಾಲೂ ಮಾಡಬ್ಯಾಡ್ರಿ. ಮುಗೀಲಿ.”

“ಎಷ್ಟೊತ್ತಾಗತೈತಿ?”

“ಅದನ್ನ ಹ್ಯಾಂಗ ಹೇಳೂದ್ರೀ? ಅದು ಆದಾಗ ಆಗತೈತಿ. ನೀವು ಹೊರಗ ನಿಂದರ್ರಿ.”

ಸಮದ ಸಾಹೇಬರು ಕೈ ಹಿಂದೆ ಕಟ್ಟಿಕೊಂಡು ಟೆಂಪೊದ ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ ಅಡ್ಡಾಡತೊಡಗಿದರು. ದಾರಿಯಲ್ಲಿ ಹೋಗುವವರು ತಿರುಗಿ ನೋಡಿದರು. ಸಂಗವ್ವ ಸಂಜೆಯ ದೀಪ ಹಚ್ಚಿ ಬಂದು ಗೋಡೆಯ ಮೇಲೆ ಮೊಳಕೈ ಊರಿ, ದನಿ ತಗ್ಗಿಸಿ ಕೇಳಿದಳು:

“ಏನಾತ್ರೀ ಸಾಹೇಬ್ರ?”

“ಇನ್ನೂ ಒಳಗ ಅದಾಳವ್ವ,” ಎಂದರು ಸಾಹೇಬರು, ಮುಖದ ಬೆವರು ಒರೆಸಿಕೊಳ್ಳುತ್ತ.